ಬಾಯಿ ನೋಡಿ ಬಕೆಟ್ ಮರೆತ ದಿನಗಳು

ನಮ್ಮ ಶಿಶುಪಾಲನಾ ಕೇಂದ್ರದ ಬಾಗಿಲ ಚೌಕಟ್ಟಿಗೆ ಒಂದು ಮೊಳೆ ಇದೆ. ಅದಕ್ಕೊಂದು ಸಣ್ಣ ಚೀಲ, ಚೀಲದಲ್ಲಿ ಥರ್ಮಾಮೀಟರ್. ಬೆಳಿಗ್ಗೆ ಒಂಬತ್ತಕ್ಕೆ ಕೂಸುಗಳು ಬಂದ ಹಾಗೆ ಒಂದೊಂದರ ಕಂಕುಳಲ್ಲಿ ಇಟ್ಟು ನೋಡಿ ಒಳಗೆ ಬಿಡುವುದು. ನೂರು ದಾಟಿದರೆ ಮನೆಗೆ ವಾಪಸ್. ಈ ನಿಯಮ ಮಾಡಿದವಳು ನಾನೇ, ಮಾಡಿದ್ದಕ್ಕೆ ಹೆಮ್ಮೆ ಪಟ್ಟವಳೂ ನಾನೇ.

ನಾನು ಕಲಬುರಗಿಯ ರೋಜಾ ಬಡಾವಣೆಯವಳು. ಮನೆಯಲ್ಲಿ ದಖನಿ ಉರ್ದು, ಕೆಲಸದಲ್ಲಿ ಕನ್ನಡ, ಬಸ್ಸಿನಲ್ಲಿ ಎರಡೂ. ದಿನಾ ಒಂದು ತಾಸಿನ ಹಾದಿ ಹೋಗಿ ಕಮಲಾಪುರದಲ್ಲಿ ಕೂಲಿಗೆ ಹೋಗುವ ತಾಯಂದಿರ ಎಂಟು ಕೂಸುಗಳನ್ನು ಸಂಜೆ ತನಕ ನೋಡಿಕೊಳ್ಳುತ್ತೇನೆ. ಕೇಂದ್ರವೆಂದರೆ ಒಂದು ಖೋಲಿ, ಒಂದು ಪಡಸಾಲೆ, ಒಂದು ನಳ. ಊರಿನವರು ನನ್ನನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಾರೆ. ಕೂಸು ರಚ್ಚೆ ಹಿಡಿದರೆ ದಾರಿಯಲ್ಲಿ ಹೋಗುವವರೂ ಒಳಗೆ ಬಂದು, "ಆಪಾ, ಇದು ಹಲ್ಲೋ, ಜ್ವರಾನೋ ನೋಡ್ರಿ" ಎಂದು ಕೂಸಿನ ಬಾಯಿ ತೆಗೆದು ತೋರಿಸುತ್ತಾರೆ. ನಾನು ಬೆರಳಿಟ್ಟು ನೋಡಿ ಹೇಳುತ್ತೇನೆ. ಹೆಚ್ಚಾಗಿ ಸರಿಯೇ ಇರುತ್ತಿತ್ತು, ಅದೇ ತಲೆಗೆ ಏರಿತ್ತು.

ಆ ಕೂಸಿಗೆ ಹದಿನಾಲ್ಕು ತಿಂಗಳು. ನಾನು ಅವಳಿಗೆ ಸಾವ್ಕಾರ್ತಿ ಎಂದು ಹೆಸರಿಟ್ಟಿದ್ದೆ. ಕಾಲು ಚಾಚಿ, ಎರಡೂ ಕೈ ತೊಡೆಯ ಮೇಲಿಟ್ಟು, ಉಳಿದ ಏಳು ಕೂಸುಗಳು ತನ್ನ ಹೊಲದಲ್ಲಿ ಕೆಲಸಕ್ಕೆ ಬಂದ ಹಾಗೆ ನೋಡುತ್ತ ಕೂಡುತ್ತಿದ್ದಳು. ಅವಳ ಅವ್ವ ಕೆಂಪು ಬಾಳೆಯ ತೋಟಗಳಲ್ಲಿ ಕೂಲಿ ಮಾಡುತ್ತಾಳೆ. ಅಪ್ಪ ಹೈದರಾಬಾದಿನ ಕಡೆ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಬರುತ್ತಾನೆ. ಹಾಗಾಗಿ ತಾಯಿ ಮಗಳು ಇಬ್ಬರೂ ತವರಿನಲ್ಲೇ. ಬೆಳಿಗ್ಗೆ ಕೂಸನ್ನು ತಂದುಬಿಡುವವಳು ಆಯಿ, ಅಂದರೆ ಅವ್ವನ ಅವ್ವ.

ಈ ಆಯಿಗೂ ನನಗೂ ನಡುವೆ ಒಂದು ಗುಟ್ಟು ಇತ್ತು. ಕೂಸಿಗೆ ಮೊದಲು ಮೂಡಿದ್ದು ಮೇಲಿನ ಹಲ್ಲು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಒಳ್ಳೆಯದಲ್ಲ ಎಂದು ಈ ಕಡೆ ನಂಬುತ್ತಾರೆ. ಸೋದರಮಾವ ಎಂದರೆ ಆಯಿಯ ಒಬ್ಬನೇ ಮಗ, ಕಲಬುರಗಿಯ ಜಗತ್ ಸರ್ಕಲ್ಲಿನ ಬಟ್ಟೆ ಅಂಗಡಿಯಲ್ಲಿ ಕೆಲಸ, ಮದುವೆ ನಿಶ್ಚಯವಾಗಿತ್ತು. ಬೀಗರ ಕಿವಿಗೆ ಹೋದರೆ ಮಾತು ಮುರಿದೀತು ಎಂದು ಆಯಿಯ ಹೆದರಿಕೆ. ಯಾರಾದರೂ ಕೂಸನ್ನು ಎತ್ತಿಕೊಂಡರೆ ಥಟ್ಟನೆ ಸೆರಗು ತಂದು ಅದರ ಬಾಯಿ ಒರೆಸುವಳು. ಈಗಂತೂ ಮೇಲೆ ನಾಲ್ಕು, ಕೆಳಗೆ ಎರಡು ಬಂದಾಗಿತ್ತು. ಯಾವುದು ಮೊದಲು ಎಂದು ಸಾಕ್ಷಾತ್ ದಂತವೈದ್ಯನಿಗೂ ತಿಳಿಯುತ್ತಿರಲಿಲ್ಲ. ಆದರೂ ಒರೆಸುವುದು ನಿಲ್ಲಲಿಲ್ಲ. ಹೀಗಾಗಿ ಆ ಮನೆಯಲ್ಲಿ ಎಲ್ಲರ ಕಣ್ಣೂ ಕೂಸಿನ ಬಾಯಿಯ ಮೇಲೆ. ಕೂಸು ಅತ್ತರೆ ಹಲ್ಲು, ಉಣ್ಣದಿದ್ದರೆ ಹಲ್ಲು, ಮಲಗದಿದ್ದರೆ ಹಲ್ಲು.

ಸೋಮವಾರ ಸಾವ್ಕಾರ್ತಿ ಗದ್ದುಗೆ ಬಿಟ್ಟು ನನ್ನ ಹೆಗಲು ಹತ್ತಿದಳು, ಇಳಿಯಲಿಲ್ಲ. ಜೊಲ್ಲಿನಿಂದ ಎದೆಯ ಬಟ್ಟೆ ತೊಯ್ದಿತ್ತು, ಸಿಕ್ಕಿದ್ದೆಲ್ಲ ಕಚ್ಚುತ್ತಿದ್ದಳು. ನಾನು ಯಾವಾಗಲೂ ಮಾಡುವ ಹಾಗೆ ಮಾಡಿದೆ. ಮೊದಲು ಜ್ವರ ನೋಡಿದೆ, ತೊಂಬತ್ತೊಂಬತ್ತೂವರೆ. ಸೋಪಿನಲ್ಲಿ ಕೈ ತೊಳೆದು ಒಸಡಿನ ಮೇಲೆ ಬೆರಳಾಡಿಸಿದೆ. ಎಡಗಡೆ ಮೇಲಿನ ದವಡೆ ಉಬ್ಬಿ ಗಟ್ಟಿಯಾಗಿತ್ತು, ಒತ್ತಿದರೆ ಕಿರುಚಿದಳು, ಸ್ವಲ್ಪ ಹೊತ್ತು ಉಜ್ಜಿದರೆ ಸಮಾಧಾನವಾದಳು. ಅದು ಹಲ್ಲಿನ ನೋವಿನ ಗುರುತು. ಒಸಡು ಉಜ್ಜಿದರೆ, ತಣ್ಣನೆಯದು ಕಚ್ಚಲು ಕೊಟ್ಟರೆ, ಕೂಸು ಸ್ವಲ್ಪ ಹೊತ್ತಾದರೂ ನೋವು ಮರೆಯುತ್ತದೆ. ಶುದ್ಧ ಬಟ್ಟೆಯನ್ನು ತೊಯಿಸಿ, ಹಿಂಡಿ, ನೀರಿನ ಗಡಿಗೆಯ ಮೈಗೆ ಒತ್ತಿ ತಂಪು ಮಾಡಿ ಕೊಟ್ಟೆ. ಗಂಜಿ ಒಲ್ಲೆ ಎಂದಳು. ಕೆಂಪು ಬಾಳೆಹಣ್ಣು ಕಿವುಚಿ ಕೊಟ್ಟರೆ ಅರ್ಧ ತಿಂದಳು. ರಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 'ಹಲ್ಲು' ಎಂದು ಬರೆದೆ. ಆ ದಿನ ಬರೆದದ್ದು ಸುಳ್ಳಲ್ಲ, ಹಲ್ಲು ನಿಜವಾಗಿಯೂ ಬರುತ್ತಿತ್ತು.

ಮಂಗಳವಾರ ಬಾಗಿಲಲ್ಲಿ ನೋಡಿದಾಗ ತೊಂಬತ್ತೆಂಟೂವರೆ. ಮಧ್ಯಾಹ್ನ ಎರಡಕ್ಕೆ ಕೈ ಮುಟ್ಟಿದರೆ ಕಾದ ಹೆಂಚು. ನೂರಾ ಒಂದು. ಮೈ ಒರೆಸಿ, ನೀರು ಕುಡಿಸಿ, ಸಂಜೆ ಆಯಿಗೆ ಹೇಳಿದೆ.

"ಹಲ್ಲಿನ ಜ್ವರ ಯವ್ವಾ. ಇಕಿ ಅವ್ವನೂ ಹಿಂಗೇ ಇದ್ದಳು" ಎಂದು ಆಯಿ ಕೂಸಿನ ಬಾಯಿ ಒರೆಸುತ್ತ ಹೋದಳು.

ನನಗೆ ತಿಳಿಯದ್ದೇನಲ್ಲ. ಹಲ್ಲು ಬರುವಾಗ ಮೈ ತುಸು ಬೆಚ್ಚಗಾಗುತ್ತದೆ ಅಷ್ಟೆ, ನೂರರ ಮೇಲೆ ಏರಿದರೆ ಹಲ್ಲಿನ ಮೇಲೆ ಹಾಕಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ನಾನೇ ಎಷ್ಟೋ ತಾಯಂದಿರಿಗೆ ಹೇಳಿದ್ದೇನೆ. ಆದರೆ ಬುಧವಾರ ಬೆಳಿಗ್ಗೆ ಮತ್ತೆ ತೊಂಬತ್ತೆಂಟೂವರೆ ಬಂತು. ನೆಗಡಿ ಇಲ್ಲ, ಕೆಮ್ಮಿಲ್ಲ, ಭೇದಿ ಇಲ್ಲ, ಕಿವಿ ಎಳೆದುಕೊಳ್ಳುತ್ತಿಲ್ಲ. ಮಧ್ಯಾಹ್ನ ನೂರಾ ಒಂದೂವರೆ. ಬೆಳಿಗ್ಗೆ ಇಳಿದು ಮಧ್ಯಾಹ್ನ ಏರುವ ಹಲ್ಲಿನ ಜ್ವರವನ್ನು ನಾನು ಎಲ್ಲೂ ಕಂಡಿರಲಿಲ್ಲ. ಆದರೂ ಬಾಯಲ್ಲಿ ಬೆರಳಿಟ್ಟರೆ ಉಬ್ಬಿದ ಒಸಡು ಕೈಗೆ ಸಿಗುತ್ತಿತ್ತು. ಕೈಗೆ ಸಿಕ್ಕಿದ್ದನ್ನು ನಂಬಿದೆ.

ಗುರುವಾರ ಕೂಸಿನ ಅವ್ವನೇ ಬಂದಳು. ತಲೆಗೆ ಬಟ್ಟೆ ಸುತ್ತಿಕೊಂಡು ತೋಟಕ್ಕೆ ಹೊರಟು ನಿಂತಿದ್ದಳು.

"ಆಪಾ, ಖರೇ ಹೇಳ್ರಿ. ಹಲ್ಲೇನ್ರಿ ಇವು? ಗೊನಿ ಕಡಿಯೂ ದಿನ ಅದ. ನಾ ದಗದಕ್ಕ ಹೋಗ್ಲೋ, ದವಾಖಾನಿಗಿ ಹೋಗ್ಲೋ?"

ನಾನು ಥರ್ಮಾಮೀಟರ್ ನೋಡಿದೆ. ತೊಂಬತ್ತೊಂಬತ್ತು. "ಹಲ್ಲೇ ಅವ. ಹೋಗು ತಂಗಿ, ನಾ ಅದೀನಿ" ಎಂದೆ.

ಅವಳು ಹೋದಳು. ಆ ಮಾತನ್ನು ಈಗಲೂ ಮರೆತಿಲ್ಲ. ಆ ದಿನ ಕೂಸು ಬಾಳೆಹಣ್ಣನ್ನೂ ವಾಂತಿ ಮಾಡಿತು. ನಡುನಡುವೆ ಮೈ ಬಿಗಿದು, ಕಾಲು ಸೆಟೆದು, ಒಂದು ಗಳಿಗೆ ಜೋರಾಗಿ ಅತ್ತು ಸುಮ್ಮನಾಗುತ್ತಿತ್ತು. ಹಲ್ಲು ಚುಚ್ಚುತ್ತಿದೆ ಎಂದು ನಾನು ಒಸಡು ಉಜ್ಜಿದೆ. ಆ ಗಳಿಗೆಯಲ್ಲಿ ಅದು ಉಚ್ಚೆ ಹೊಯ್ಯುತ್ತಿತ್ತು ಎಂಬುದನ್ನು ನೋಡಲಿಲ್ಲ.

ಇಲ್ಲಿ ನಮ್ಮ ಬಕೆಟ್ಟಿನ ಕಥೆ ಹೇಳಬೇಕು. ಕೆಲವು ತಿಂಗಳ ಹಿಂದೆ ನಮ್ಮ ಮೇಲ್ವಿಚಾರಕಿ ಬಂದವರು ಮೂಗಿಗೆ ಕರವಸ್ತ್ರ ಹಿಡಿದು, "ಏನ್ ವಾಸನಿ ಇದು" ಎಂದಿದ್ದರು. ಎಂಟು ಕೂಸುಗಳಿರುವ ಖೋಲಿಯಲ್ಲಿ ಮಲ್ಲಿಗೆ ಘಮಘಮಿಸುತ್ತದೆಯೇ? ಆದರೂ ನನಗೆ ಅವಮಾನವಾಯಿತು. ಮರುದಿನವೇ ನಿಂಬೆ ವಾಸನೆಯ ಕ್ರಿಮಿನಾಶಕದ ಕ್ಯಾನ್ ತರಿಸಿದೆ. ಒದ್ದೆಯಾದ ಬಟ್ಟೆ ಬಿಚ್ಚಿದ ಕೂಡಲೇ ಔಷಧದ ನೀರಿನ ಬಕೆಟ್ಟಿಗೆ. ಮುಂದಿನ ಸಲ ಅವರು ಬಂದಾಗ ಖೋಲಿ ನಿಂಬೆಹಣ್ಣಿನ ಅಂಗಡಿಯಂತಿತ್ತು. ಹೊಗಳಿ ಹೋದರು. ಹತ್ತು ವರ್ಷ ಒದ್ದೆ ಬಟ್ಟೆ ಹಿಂಡಿದ ನನ್ನ ಮೂಗಿಗೆ ಅಂದಿನಿಂದ ರಜೆ ಸಿಕ್ಕಿತು.

ಶುಕ್ರವಾರ ಕ್ಯಾನ್ ಖಾಲಿಯಾಗಿತ್ತು. ಹೊಸದು ಬರುವುದು ಸೋಮವಾರ. ಬಟ್ಟೆಗಳನ್ನು ಬರಿ ನೀರಿಗೆ ಹಾಕಿದರಾಯಿತು ಎಂದು ನಳದ ಹತ್ತಿರ ಗುಡ್ಡೆ ಮಾಡಿದೆ. ಹತ್ತೂವರೆಗೆ ಸಾವ್ಕಾರ್ತಿಯ ಬಟ್ಟೆ ಬಿಚ್ಚಿದೆ. ಮೂಗಿಗೆ ಬಡಿಯಿತು. ಕೂಸಿನ ಉಚ್ಚೆಯ ವಾಸನೆ ನನಗೆ ಗೊತ್ತು. ಇದು ಅದಲ್ಲ. ಎರಡು ದಿನ ಇಟ್ಟ ಮೀನಿನ ನೀರಿನ ವಾಸನೆ. ನನಗೇ ಅನುಮಾನ ಬಂದು ಗುಡ್ಡೆಯಲ್ಲಿದ್ದ ಉಳಿದ ಮೂರು ಕೂಸುಗಳ ಬಟ್ಟೆಯನ್ನೂ ಒಂದೊಂದಾಗಿ ಮೂಸಿ ನೋಡಿದೆ. ಪಡಸಾಲೆಯಲ್ಲಿ ಯಾರಾದರೂ ಇದ್ದಿದ್ದರೆ ಆಪಾಗೆ ಹುಚ್ಚು ಹಿಡಿಯಿತು ಎನ್ನುತ್ತಿದ್ದರು. ಅವುಗಳಲ್ಲಿ ಆ ವಾಸನೆ ಇರಲಿಲ್ಲ. ಬಿಳಿ ಬಟ್ಟೆಯ ಮೇಲಿನ ಕಲೆಯೂ ತಿಳಿಯಾಗಿರಲಿಲ್ಲ, ಕದಡಿದ ಹಾಗಿತ್ತು.

ನಾನು ನಳದ ಕಟ್ಟೆಯ ಮೇಲೆ ಕೂತುಬಿಟ್ಟೆ. ನಾಲ್ಕು ದಿನ ನಾನು ಬಾಯಿ ನೋಡಿದ್ದೆ. ತೋರಿಸಬೇಕಾದದ್ದನ್ನು ಕೂಸು ದಿನಕ್ಕೆ ಏಳೆಂಟು ಸಲ ಬಟ್ಟೆಯಲ್ಲಿ ತೋರಿಸಿತ್ತು, ನಾನು ಅದನ್ನು ನಿಂಬೆ ನೀರಿನಲ್ಲಿ ಮುಳುಗಿಸಿದ್ದೆ.

ಬೆಳಿಗ್ಗೆ ಮಾತ್ರ ಜ್ವರ ಯಾಕೆ ಇರುವುದಿಲ್ಲ ಎಂಬ ಲೆಕ್ಕವಿನ್ನೂ ಬಗೆಹರಿದಿರಲಿಲ್ಲ. ಆಯಿಯ ಮನೆ ಎರಡು ಓಣಿ ಆಚೆ. ಕರೆಸಿ, ಕೂಡಿಸಿ, ನೀರು ಕೊಟ್ಟು ಕೇಳಿದೆ. "ಆಯೀ, ಮುಂಜಾನಿ ಕೂಸಿಗಿ ಏನರ ಔಷಧ ಕೊಟ್ಟೀಯೇನು?"

ಆಯಿ ಸೆರಗಿನ ತುದಿ ಸುತ್ತತೊಡಗಿದಳು.

"ಬಯ್ಯಂಗಿಲ್ಲ. ಹೇಳು."

"ಎಂಟಕ್ಕ ಜ್ವರದ ಸಿರಪ್ ಕುಡಿಸಿ ಕರಕೊಂಡು ಬರ್ತಿದ್ದೆ. ದಿನಾ. ನಿನ್ನಿನೂ ಕುಡಿಸೇ ಮಗಳ ಸಂಗಟ ಕಳಿಸ್ದೆ. ಇಲ್ಲಂದ್ರ ನೀ ಒಳಗ ಬಿಡಾಂಗಿಲ್ಲಲ್ಲ ಯವ್ವಾ. ಅಕಿ ದಗದಾ ಹೋಗ್ತದ."

ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೊಳೆಗೆ ತೂಗುಹಾಕಿದ ನನ್ನ ನಿಯಮದ ಮೇಲೆ ಬಂತು. ಜ್ವರವಿದ್ದ ಕೂಸನ್ನು ಹೊರಗಿಡಲು ಮಾಡಿದ್ದೆ. ಅದು ಹೊರಗಿಟ್ಟದ್ದು ಜ್ವರದ ಸುದ್ದಿಯನ್ನು ಮಾತ್ರ.

ಪಕ್ಕದ ಅಂಗನವಾಡಿಯ ಕಾರ್ಯಕರ್ತೆಯ ಕೈಯಲ್ಲಿ ಏಳು ಕೂಸುಗಳನ್ನು ಬಿಟ್ಟೆ. ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಇವತ್ತು ಮಧ್ಯಾಹ್ನ ತಪಾಸಣೆಗೆ ಬರುವವರಿದ್ದೇವೆ, ಖೋಲಿ ಬಿಟ್ಟು ಹೋಗುವುದು ಹೇಗೆ ಎಂದರು. "ಬರ್ರಿ ಮೇಡಂ, ರಜಿಸ್ಟರ್ ಮೇಜಿನ ಮ್ಯಾಲದ. ನಾಕು ದಿನ ತಪ್ಪು ಬರ್ದೀನಿ, ಅದನ್ನೂ ನೋಡ್ರಿ" ಎಂದು ಫೋನ್ ಇಟ್ಟೆ. ಹೀಗೆ ಮಾತಾಡುವುದು ನನ್ನ ಸ್ವಭಾವ. ಮಾತಾಡಿದ ಮೇಲೆ ಹೀಗೆನ್ನಬಾರದಿತ್ತೇನೋ ಎಂದುಕೊಳ್ಳುವುದೂ ನನ್ನ ಸ್ವಭಾವವೇ.

ಹೇಳಿ ಕಳಿಸಿದ ಕೂಡಲೇ ಕೂಸಿನ ಅವ್ವ ತೋಟದಿಂದ ಓಡಿಬಂದಳು. ಬಾಳೆಯ ಕರೆ ಹತ್ತಿದ ಕೈ, ಏದುಸಿರು. ಹೇಳಿದೆ. ಅವಳು ನನ್ನನ್ನೇ ನೋಡಿದಳು.

"ನಿನ್ನಿ ನೀವೇ ಹಲ್ಲಂದ್ರಿ."

"ಅಂದಿದ್ದೆ. ತಪ್ಪಾತು ತಂಗಿ. ಈಗ ಕಲಬುರಗಿಗಿ ಹೋಗೂಣ, ಮಕ್ಕಳ ಡಾಕ್ಟರಿಗಿ ತೋರ್ಸೂಣ."

ಬಸ್ಸಿನಲ್ಲಿ ಅವಳು ಕೂಸನ್ನು ನನ್ನ ಕೈಗೆ ಕೊಡಲಿಲ್ಲ. ಆಯಿ ನಡುವೆ ಕೂತು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು. ಒಂದು ತಾಸಿನ ದಾರಿ ಅಂದು ಬಹಳ ಉದ್ದವಾಯಿತು.

ಜಗತ್ ಸರ್ಕಲ್ಲಿನಲ್ಲಿ ಕೂಸಿನ ಸೋದರಮಾವ ಕಾಯುತ್ತಿದ್ದ, ಅಂಗಡಿಯಿಂದ ಅರ್ಧ ದಿನ ಕೇಳಿಕೊಂಡು ಬಂದಿದ್ದ. ಅಲ್ಲೇ ಒಂದು ಸಂದಿಯಲ್ಲಿ ಮಕ್ಕಳ ಡಾಕ್ಟರರ ಚಿಕಿತ್ಸಾಲಯ. ಡಾಕ್ಟರಮ್ಮ ನಿಧಾನಸ್ಥೆ. ಜ್ವರ ನೋಡಿದರು, ನೂರಾ ಎರಡು ದಾಟಿತ್ತು. ಕಿವಿಯಲ್ಲಿ ಬೆಳಕು ಬಿಟ್ಟು ನೋಡಿದರು. ಎದೆ ಕೇಳಿದರು, ಹೊಟ್ಟೆ ಒತ್ತಿದರು. ಕೊನೆಗೆ ಬಾಯಿ ತೆಗೆಯಲು ಹೋದಾಗ ಆಯಿಯ ಸೆರಗು ಬಂದೇ ಬಂತು.

"ಅಜ್ಜೀ, ಕೈ ತೆಗೀರಿ. ಗಂಟಲಾ ನೋಡಬೇಕು" ಎಂದ ಡಾಕ್ಟರಮ್ಮ, ಸುಮ್ಮನೆ ಬರೆದುಕೊಳ್ಳಲು ಕೇಳಿದರು, "ಮೊದಲ ಯಾವ ಹಲ್ಲು ಬಂದಿದ್ವು?"

ಕೂಸಿನ ಅವ್ವನಿಗೆ ಆ ಹೊತ್ತಿನಲ್ಲಿ ಗುಟ್ಟು ಗಿಟ್ಟು ಯಾವುದೂ ಬೇಡವಾಗಿತ್ತು. "ಮ್ಯಾಲಿನವ್ರಿ" ಎಂದಳು.

ಆಯಿ ಮಗನ ಮುಖ ನೋಡಿದಳು. ಅವನು ಸ್ವಲ್ಪ ಹೊತ್ತು ತಿಳಿಯದೆ, ಆಮೇಲೆ ತಿಳಿದು ನಕ್ಕ. "ಇದಕ್ಕೇನ ಆರು ತಿಂಗಳಿಂದ ಈ ಕೂಸಿನ ಬಾಯಿ ನನಗ ತೋರ್ಸಿಲ್ಲ ನೀ? ಅವ್ವಾ, ನಾ ದಿನಕ್ಕ ನಾಕು ಸರ್ತಿ ಅಷ್ಟು ಗಾಡಿಗಳ ನಡುವ ಜಗತ್ ಸರ್ಕಲ್ ದಾಟ್ತೀನಿ. ಈ ಹಲ್ಲು ನನಗೇನ್ ಮಾಡ್ತಾವ?"

ಡಾಕ್ಟರಮ್ಮ ನಗಲಿಲ್ಲ. "ದವಡಿ ಹಲ್ಲು ಬರಾಕತ್ತದ, ಖರೇ ಅದ. ಆದ್ರ ಈ ಜ್ವರ ಅದರದಲ್ಲ. ಹಲ್ಲು ಬರೋ ವಯಸ್ಸಿನಾಗನ ಬ್ಯಾರೆ ಬ್ಯಾನಿನೂ ಬರ್ತಾವ. ಬಟ್ಟಿ ವಾಸನಿ ಹೇಳಿದ್ರಲ್ಲ, ಮೂತ್ರದಾಗ ಸೋಂಕು ಆಗಿರಬೇಕು. ಹಂಗೇ ಬಿಟ್ರ ಕಿಡ್ನಿಗಿ ತ್ರಾಸ ಆಗ್ತದ. ಔಷಧ ಶುರು ಮಾಡೂಕ್ಕಿಂತ ಮೊದಲ ಉಚ್ಚಿ ಹಿಡದು ಕಲ್ಚರಿಗಿ ಕಳಸಬೇಕು." ಯಾವ ಕ್ರಿಮಿ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಬೆಳೆಸಿ ನೋಡುವ ಪರೀಕ್ಷೆಯದು. ಔಷಧ ಒಂದು ಸಲ ಹೊಟ್ಟೆಗೆ ಹೋದರೆ ಆಮೇಲೆ ಪರೀಕ್ಷೆ ಸರಿಯಾಗಿ ಹೇಳುವುದಿಲ್ಲ.

ಉಚ್ಚೆ ಹಿಡಿಯುವುದು. ಹದಿನಾಲ್ಕು ತಿಂಗಳ ಹೆಣ್ಣುಕೂಸಿನದು. ಸಣ್ಣ ಸೀಸೆಯಲ್ಲಿ. ನಡುವಿನ ಧಾರೆ ಮಾತ್ರ, ಮೈಗೆ ತಾಗದಂತೆ. ಹೇಳುವುದು ಸುಲಭ. ನರ್ಸ್ ಸೋಪು ನೀರಿನಲ್ಲಿ ಮುಂದಿನಿಂದ ಹಿಂದಕ್ಕೆ ತೊಳೆಯಲು ಹೇಳಿದಳು, ಕ್ರಿಮಿನಾಶಕ ಹಚ್ಚಬೇಡಿ ಎಂದಳು. ಆ ಮಾತಿಗೆ ನಾನು ತಲೆ ತಗ್ಗಿಸಿದೆ. ಕೂಸಿನ ಅವ್ವ ಬೆಂಚಿನ ಮೇಲೆ ಕೂತು ಅದನ್ನು ತೋಳಿನಡಿ ಎತ್ತಿ ಹಿಡಿದಳು. ನಾನು ನೆಲದ ಮೇಲೆ ಕೂತು ಸೀಸೆ ಹಿಡಿದೆ. ಆಯಿ ಲೋಟದಿಂದ ಚೂರು ಚೂರು ನೀರು ಕುಡಿಸಿದಳು. ತಣ್ಣೀರಿನಲ್ಲಿ ಅದ್ದಿದ ಹತ್ತಿಯಿಂದ ಕಿಬ್ಬೊಟ್ಟೆಯ ಮೇಲೆ ಮೆಲ್ಲಗೆ ಸುತ್ತು ತಿರುಗಿಸುತ್ತಿದ್ದರೆ ಬೇಗ ಬರುತ್ತದೆ ಎಂದಿದ್ದಳು ನರ್ಸ್. ತಿರುಗಿಸಿದೆ. ಇಪ್ಪತ್ತು ನಿಮಿಷ, ಮೂವತ್ತು ನಿಮಿಷ. ಸಾವ್ಕಾರ್ತಿ ಜ್ವರದಲ್ಲೂ ನನ್ನನ್ನು ತನ್ನ ಆಳನ್ನು ನೋಡುವ ಹಾಗೇ ನೋಡುತ್ತಿದ್ದಳು.

ಕಾಲು ಜೋಮು ಹಿಡಿದು ನಾನು ಒಂದು ಗಳಿಗೆ ಎದ್ದು ನಿಂತೆ. ಆ ಗಳಿಗೆಗೇ ಹೊಯ್ದಳು, ಅವ್ವನ ಸೀರೆಯ ಮೇಲೆ. ಮತ್ತೆ ತೊಳೆದು, ಮತ್ತೆ ಕುಡಿಸಿ, ಮತ್ತೆ ಕೂತೆವು. ಎರಡನೆಯ ಸಲ ಧಾರೆ ಬಂತು, ಸೀಸೆಗೂ ಬಿತ್ತು. ಮುಚ್ಚಳ ಹಾಕುವ ಅವಸರದಲ್ಲಿ ನನ್ನ ಹೆಬ್ಬೆರಳು ಸೀಸೆಯ ಒಳಗೆ ಮುಳುಗಿತು. ಯಾರೂ ನೋಡಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಆದರೆ ಕೂಸಿನ ಕ್ರಿಮಿಯ ಬದಲು ನನ್ನ ಬೆರಳಿನ ಕ್ರಿಮಿ ಬೆಳೆದರೆ? "ಇದು ನಡೆಯಂಗಿಲ್ಲ, ಬೆರಳು ತಾಗ್ಯಾದ" ಎಂದು ನರ್ಸಿಗೆ ಹೇಳಿ ಚೆಲ್ಲಿದೆ.

ಕೂಸಿನ ಅವ್ವನ ತಾಳ್ಮೆ ಅಲ್ಲಿಗೆ ಮುಗಿಯಿತು. "ಸಾಕ್ರಿ. ಜ್ವರದಾಗ ಕೂಸಿಗಿ ಬತ್ತಲೆ ಹಿಡ್ಕೊಂಡು ಎಷ್ಟೊತ್ತು ಕೂಡೂದು? ಔಷಧ ಕೊಟ್ಟುಬಿಡ್ರಿ, ಮನಿಗಿ ಹೋಗ್ತೀವಿ" ಎಂದು ಡಾಕ್ಟರಮ್ಮನ ಬಾಗಿಲಲ್ಲಿ ನಿಂತಳು.

ಡಾಕ್ಟರಮ್ಮ ಬಂದು ಕೂಸನ್ನು ಮತ್ತೊಮ್ಮೆ ನೋಡಿದರು. ಕಣ್ಣು ಚುರುಕಾಗಿದೆ, ನೀರು ಕುಡಿಯುತ್ತಿದೆ, ವಾಂತಿ ನಿಂತಿದೆ. "ಕೂಸು ಸುಸ್ತಾಗಿದ್ರ ನಾನೇ ಕಾಯ್ತಿದ್ದಿಲ್ಲ, ಅಡ್ಮಿಟ್ ಮಾಡ್ತಿದ್ದೆ. ಈಗ ಇನ್ನೊಂದು ತಾಸು ಕಾಯಬಹುದು. ಅದರಾಚಿಗಿ ಬ್ಯಾಡ. ನೀವು ನಿರ್ಧಾರ ಮಾಡ್ರಿ."

ಕೂಸಿನ ಅವ್ವ ನನ್ನ ಕಡೆ ತಿರುಗಿದಳು. ಬಸ್ಸು ಹತ್ತಿದಾಗಿನಿಂದ ಮೊದಲ ಸಲ ನನ್ನ ಮುಖ ನೋಡಿ ಕೇಳಿದಳು. "ಆಪಾ, ಏನ್ ಮಾಡ್ಲಿ?"

ನಿನ್ನೆಯ ಪ್ರಶ್ನೆಯೇ ಅದು. ನನ್ನ ಬಾಯಲ್ಲಿ ಉತ್ತರ ಸಿದ್ಧವಿತ್ತು, ಹತ್ತು ವರ್ಷದಿಂದ ಸಿದ್ಧವಿರುತ್ತದೆ. ನುಂಗಿದೆ.

"ನನಗ ಗೊತ್ತಿಲ್ಲ ತಂಗಿ. ನಿನ್ನಿ ಗೊತ್ತದ ಅಂದಿದ್ದೆ, ಅದಕ್ಕ ಇಲ್ಲಿ ಕುಂತೀವಿ. ಗೊತ್ತು ಮಾಡ್ಕೋಬೇಕು ಅಂದ್ರ ಈ ಸೀಸೆ ತುಂಬಬೇಕು. ನನ್ ಮನಸ್ಸಿನಾಗ, ಇನ್ನೊಂದು ತಾಸು ಕುಂಡ್ರೂಣ. ಹೋಗ್ತೀನಂದ್ರ ನಾ ತಡಿಯಂಗಿಲ್ಲ."

ಅವಳು ಬೆಂಚಿನ ಮೇಲೆ ಕೂತು, ಕೂಸಿನ ಕಾಲು ಬಿಡಿಸಿ ಹಿಡಿದು, "ಈ ಸರ್ತಿ ಏಳಬ್ಯಾಡ್ರಿ" ಎಂದಳು.

ಏಳಲಿಲ್ಲ. ಕಾಲು ಸತ್ತು ಮರಗಟ್ಟಿದರೂ ಏಳಲಿಲ್ಲ. ಮುಚ್ಚಳವನ್ನು ಸೋದರಮಾವನ ಕೈಗೆ ಕೊಟ್ಟು, ಒಳಗಿನ ಮೈ ಮುಟ್ಟದೆ ಹಿಡಿದುಕೊಂಡು ನಿಲ್ಲಲು ಹೇಳಿದ್ದೆವು. ಅವನು ಆರತಿ ಹಿಡಿದವನ ಹಾಗೆ ನಿಂತಿದ್ದ. ಮುಕ್ಕಾಲು ತಾಸಿನ ಮೇಲೆ ಕೂಸು ಮೈ ಬಿಗಿಯಿತು, ಕಾಲು ಸೆಟೆಯಿತು, ಅಳಲು ಬಾಯಿ ತೆಗೆಯಿತು. ಈ ಸಲ ನಾನು ಬಾಯಿ ನೋಡಲಿಲ್ಲ. ಮೊದಲ ಧಾರೆ ಬಿಟ್ಟು ಸೀಸೆ ಒಡ್ಡಿದೆ. ಅರ್ಧ ಸೀಸೆ ತುಂಬಿತು. ಕದಡಿದ ನೀರು, ಅದೇ ವಾಸನೆ. ನಾನು ಕೆಲಸದಲ್ಲಿ ಇಷ್ಟು ಸಂತೋಷಪಟ್ಟದ್ದು ಕಡಿಮೆ, ಅದೂ ಅಂಥ ವಾಸನೆಗೆ.

ಸೋದರಮಾವ ಎದುರಿನ ತಂಪು ಪಾನೀಯದ ಅಂಗಡಿಯಿಂದ ಒಂದು ಚೀಲ ಐಸು ತಂದು, ಅದರ ನಡುವೆ ಸೀಸೆ ನೆಟ್ಟಗೆ ಇಟ್ಟು, ಗಾಡಿ ಹತ್ತಿ ಪ್ರಯೋಗಾಲಯಕ್ಕೆ ಹೋದ. ತಡವಾದರೆ, ಬಿಸಿಯಾದರೆ ಅದರಲ್ಲಿ ಬೇರೆ ಕ್ರಿಮಿ ಬೆಳೆಯುತ್ತದೆ. ಕಾಲು ತಾಸಿನೊಳಗೆ ಫೋನ್ ಮಾಡಿದ. "ಮುಟ್ಟಿಸ್ದೆ ಆಪಾ." ಆಗ ಡಾಕ್ಟರಮ್ಮ ಮೊದಲ ಔಷಧ ಕುಡಿಸಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಶನಿವಾರ, ಭಾನುವಾರ ಜ್ವರ ಸರಿಯಾಗಿ ಇಳಿಯಲೇ ಇಲ್ಲ. ಕೂಸಿನ ಅವ್ವ ಫೋನಿನಲ್ಲಿ, "ಅಷ್ಟೊತ್ತು ಕುಂಡ್ರಿಸಿದ್ರಿ, ಏನಾತು?" ಎಂದಳು. ಡಾಕ್ಟರಮ್ಮ ಭಾನುವಾರವೂ ನೋಡಿ, ಕೂಸು ಕುಡಿಯುತ್ತಿದೆ, ರಿಪೋರ್ಟ್ ಬರುವ ತನಕ ಇದೇ ನಡೆಯಲಿ ಎಂದರು. ಸೋಮವಾರ ರಿಪೋರ್ಟ್ ಬಂತು. ಸೋಂಕು ಇದ್ದದ್ದು ನಿಜ, ಆದರೆ ಕೊಡುತ್ತಿದ್ದ ಔಷಧಕ್ಕೆ ಆ ಕ್ರಿಮಿ ಬಗ್ಗುವುದಲ್ಲ. ಯಾವುದಕ್ಕೆ ಬಗ್ಗುತ್ತದೆ ಎಂಬುದೂ ಅದರಲ್ಲೇ ಇತ್ತು. ಔಷಧ ಬದಲಾಯಿತು. ಬುಧವಾರ ಬೆಳಿಗ್ಗೆ ಸಿರಪ್ಪಿಲ್ಲದೆ ತೊಂಬತ್ತೆಂಟೂವರೆ.

ಕಿಡ್ನಿಯ ಸ್ಕ್ಯಾನ್ ಬಾಕಿ ಇತ್ತು. ಅದಕ್ಕೆ ನಾನೂ ಹೋದೆ. ಹೊರಗೆ ಕಾಯುವಾಗ ಡಾಕ್ಟರಮ್ಮನನ್ನು ಕೇಳಿದೆ, ನಾಲ್ಕು ದಿನ ನಾನು ಹಲ್ಲು ಹಲ್ಲು ಎಂದೆನಲ್ಲ, ಅದರಿಂದ ಏನಾದರೂ ಆಗಿದ್ದರೆ? ಏನಿಲ್ಲ ಬಿಡಿ ಎನ್ನುತ್ತಾರೆ ಎಂದು ಆಸೆ. ಅವರು ಹಾಗೆನ್ನಲಿಲ್ಲ. "ಆಗಿರಲಿಕ್ಕಿಲ್ಲ. ಆದ್ರ ನೋಡದೆ ನಾ ಹೇಳಂಗಿಲ್ಲ" ಎಂದು ಒಳಗೆ ಹೋದರು. ಆ ಹತ್ತು ನಿಮಿಷ ನಾನು ಪಟ್ಟ ಪಾಡು ನನಗೇ ಗೊತ್ತು. ಎರಡೂ ಕಿಡ್ನಿ ಚೆನ್ನಾಗಿವೆ ಎಂದು ಬಂತು. ಕೂಸಿನ ಅವ್ವ ಕೂಸನ್ನು ನನ್ನ ಕೈಗೆ ಕೊಟ್ಟು ಮುಖ ತೊಳೆಯಲು ಹೋದಳು. ನಾನು ಅತ್ತುಬಿಟ್ಟೆ. ಸಾವ್ಕಾರ್ತಿ ನನ್ನ ಬೆರಳು ಕಚ್ಚಿದಳು. ದವಡೆಯ ಹಲ್ಲು ಮೂಡಿತ್ತು.

ಥರ್ಮಾಮೀಟರ್ ಈಗಲೂ ಅದೇ ಮೊಳೆಯಲ್ಲಿದೆ. ಆದರೆ ಹಾಕುವ ಮೊದಲು, "ಔಷಧ ಕೊಟ್ಟೀರೇನು, ಎಷ್ಟಕ್ಕ?" ಎಂದು ಕೇಳುತ್ತೇನೆ. ಜ್ವರವಿದ್ದ ಕೂಸಿಗೆ ಪಡಸಾಲೆಯಲ್ಲಿ ಬೇರೆ ಚಾಪೆ ಹಾಕಿದ್ದೇನೆ. ಅವ್ವನಿಗೆ ಹೇಳಿ ಕಳಿಸಿ, ಯಾರಾದರೂ ಬರುವ ತನಕ ಇಟ್ಟುಕೊಳ್ಳುತ್ತೇನೆ, ಬಾಗಿಲಿಂದ ತಿರುಗಿಸಿ ಕಳಿಸುವುದಿಲ್ಲ. ನಳದ ಹತ್ತಿರ ಎರಡು ಬಕೆಟ್ ಇವೆ. ಒದ್ದೆ ಬಟ್ಟೆ ಮೊದಲು ಖಾಲಿ ಬಕೆಟ್ಟಿಗೆ, ನಾನು ನೋಡಿದ ಮೇಲೆ ಔಷಧದ ಬಕೆಟ್ಟಿಗೆ. ಮೇಲ್ವಿಚಾರಕಿ ಬಂದು ಮತ್ತೆ ಕರವಸ್ತ್ರ ತೆಗೆದರು. "ವಾಸನಿ ಬರ್ಲಿ ಅಂತನ ಇಟ್ಟೀನ್ರಿ ಮೇಡಂ" ಎಂದೆ. ವರದಿಯಲ್ಲಿ ಏನು ಬರೆದರೋ ನೋಡಿಲ್ಲ.

ಎರಡು ತಿಂಗಳ ಮೇಲೆ, ಸೋದರಮಾವನ ಮದುವೆಯೂ ಸುಸೂತ್ರವಾಗಿ ಮುಗಿದ ಮೇಲೆ, ಒಂದು ಬೆಳಿಗ್ಗೆ ಆಯಿ ಬಂದಳು. ಕಂಕುಳಲ್ಲಿ ಸಾವ್ಕಾರ್ತಿ, ಎದೆಯ ತುಂಬ ಜೊಲ್ಲು, ಕಣ್ಣಲ್ಲಿ ನೀರು. ನಾನು ಥರ್ಮಾಮೀಟರಿಗೆ ಕೈ ಹಾಕುವ ಮೊದಲೇ ಹೇಳಿದಳು.

"ಮುಂಜಾನಿ ಮೈ ಬೆಚ್ಚಗಿತ್ತು ಯವ್ವಾ. ಸಿರಪ್ ಕೊಟ್ಟಿಲ್ಲ. ನೋಡು."

ತೊಂಬತ್ತೊಂಬತ್ತು. ಆಯಿ ತಾನೇ ಕೂಸಿನ ಗದ್ದ ಹಿಡಿದು ದಾರಿಯ ಕಡೆ ಬಾಯಿ ತೆಗೆದು ತೋರಿಸಿದಳು, ಬಲಗಡೆ ಕೆಳಗಿನ ದವಡೆ ಉಬ್ಬಿತ್ತು. ಆಮೇಲೆ ಸೆರಗಿನಡಿಯಿಂದ ಗಂಟು ಹಾಕಿದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ನನ್ನ ಕೈಯಲ್ಲಿಟ್ಟಳು. ಬಿಚ್ಚಿದೆ. ರಾತ್ರಿಯ ಒದ್ದೆ ಬಟ್ಟೆ.

"ನಾ ಮೂಸಿ ನೋಡೀನಿ" ಎಂದಳು. "ನೀನೂ ಒಮ್ಮಿ ನೋಡಿ ಹೇಳು."